ಗಿರಿಯವ್ವನ ಲಾವಂಚ

ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಕಮ್ಮಗಿರಿ ಎಂಬ ರಾಜ್ಯದಲ್ಲಿ, ಗಿರಿಯವ್ವ ಎಂಬ ಹೆಂಗಸಿದ್ದಳು. ಲಾವಂಚ ಅಗೆದು, ಅದರ ಘಮಘಮಿಸುವ ಬೇರಿನಿಂದ ಚಾಪೆ ಹೆಣೆಯುವುದು ಅವಳ ಕಸುಬು. ಲಾವಂಚವೆಂದರೆ ಹುಲ್ಲೇ. ಆದರೆ ಮೇಲೆ ಆಳೆತ್ತರ, ಕೆಳಗೆ ಎರಡಾಳು ಬೇರು. ಬಿತ್ತಿ ಬೆಳೆಯುವ ಹುಲ್ಲಲ್ಲ ಅದು. ತಾಯಿಬುಡದಿಂದ ಸೀಳಿದ ಸಸಿಯನ್ನೇ ನೆಡಬೇಕು. ಅದಕ್ಕೇ ಅಗೆಯುವವರಲ್ಲೊಂದು ಕಟ್ಟಳೆಯಿತ್ತು: ಬೇರು ತೆಗೆದ ಗುಂಡಿಯನ್ನು ಬರಿದು ಬಿಡಬಾರದು, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ ಒಂದು ಸಸಿ ಊರಿಯೇ ಏಳಬೇಕು.

ಅರಮನೆಯವರಿಗೆ ಕಟ್ಟಳೆ ಯಾಕೆ ಬೇಕು! ಬೀಸಣಿಗೆ ಮಾಡಿಸಲೆಂದು ರಾಜ ಬೆಟ್ಟವನ್ನೆಲ್ಲ ಅಗೆಸಿದ. ಬೇರು ಅರಮನೆಗೆ ಹೋಯಿತು, ಬುಡ ಬಿಸಿಲಿಗೆ ಒಣಗಿತು, ಗುಂಡಿಗಳು ಬಾಯಿ ತೆರೆದುಕೊಂಡು ಬಿದ್ದವು. ಅವುಗಳಲ್ಲೇ ಆಳದ ಗುಂಡಿಯಿಂದ ಉರಿಗಣ್ಣನೆಂಬ ಮಾಂತ್ರಿಕ ಎದ್ದುಬಂದ.

ಬಂದವನು ಗಿರಿಯವ್ವನ ಒಬ್ಬಳೇ ಮಗಳು ಚಂಪಕ್ಕನನ್ನು ಮದುವೆಗೆ ಕೇಳಿದ. ಅವಳು ಒಲ್ಲೆ ಎಂದಳು. ಅವನು ಅವಳ ಅಂಗೈಗೆ ಉಫ್ ಎಂದು ಊದಿ ಹೊರಟುಹೋದ. ಹುಡುಗಿಯ ಮೈ ಕಾದ ಹಂಚಾಯಿತು. ತಲೆ ಬಾಚಲು ಹೋದ ತಾಯಿಯ ಬೆರಳುಗಳಲ್ಲಿ ಬೊಬ್ಬೆಗಳೆದ್ದವು.

“ಮುಟ್ಟಬ್ಯಾಡ ಕಣವ್ವ,” ಎಂದಳು ಚಂಪಕ್ಕ.

ಹೆತ್ತವಳು ಮುಟ್ಟದೆ ಹೇಗಿರುವುದು? ಗಿರಿಯವ್ವ ಮೂರು ದಿನ ಹೊಸಿಲ ಮೇಲೆ ಕುಳಿತು ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ಎದ್ದಳು. ಬಲಿತ ಬೇರಿನ ಚಾಪೆಗೆ ನೀರು ಚಿಮುಕಿಸಿ ಮಲಗಿಸಿದರೆ ಎಂಥ ಉರಿಯೂ ಆರುತ್ತದೆ. ಅಂಥ ಬಲಿತ ಬುಡ ಉಳಿದಿದ್ದದ್ದು ಒಂದೇ, ಬೆಟ್ಟದ ನೆತ್ತಿಯಲ್ಲಿ, ಉರಿಗಣ್ಣನ ಗುಂಡಿಯ ಪಕ್ಕದಲ್ಲಿ. ಬರಿಮಡಿಲಲ್ಲಿ ಬೆಟ್ಟ ಹತ್ತುವ ರೂಢಿ ಅವಳ ಕುಲದಲ್ಲೇ ಇರಲಿಲ್ಲ. ಹಿತ್ತಲ ಎಳೆಬುಡದಿಂದ ಮೂರು ಸಸಿ ಸೀಳಿ ಮಡಿಲಿಗೆ ಕಟ್ಟಿಕೊಂಡಳು, ಸೋರೆಬುರುಡೆಗೆ ನೀರು ತುಂಬಿಕೊಂಡಳು, ನಡೆದಳು.

ಮೊದಲು ಮಣ್ಣಿನ ಕಾಡುಕೋಣ ಅಡ್ಡ ಬಂತು. ಅದರ ಮೈ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು.

“ಈ ಇಳಿಜಾರು ಕುಸಿದರೆ ನಾನೂ ಕುಸೀತೀನಿ. ಇದು ಗಟ್ಟಿಯಾಗಿ ನಿಂತ್ಕೊಳೋವರೆಗೂ ದಾರಿ ಬಿಡಲ್ಲ.”

ಗಿರಿಯವ್ವ ಒಂದು ಸಸಿ ಊರಿ ನೀರೆರೆದಳು. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಬೇರು ಇಳಿದು ಮಣ್ಣನ್ನು ಹಿಡಿಯಿತು. ಕೋಣ ಗಟ್ಟಿಯಾಗಿ ನಿಂತು ದಾರಿ ಬಿಟ್ಟಿತು.

ಆಮೇಲೆ ಹಳ್ಳದ ಮೊಸಳೆ ಬಾಯಿ ತೆರೆಯಿತು.

“ಕೆಸರು ತುಂಬಿ ಕಣ್ಣು ಕಾಣ್ಸಲ್ಲ ನಂಗೆ. ಬಂದೋರನ್ನ ನುಂಗೋದೊಂದೇ ಗೊತ್ತು.”

“ತಡಿಯಪ್ಪ,” ಎಂದು ಗಿರಿಯವ್ವ ದಡದಲ್ಲಿ ಎರಡನೆಯ ಸಸಿ ಊರಿದಳು. ಬೇರು ಕೆಸರನ್ನು ತಡೆಯಿತು, ನೀರು ತಿಳಿಯಾಯಿತು. ಮೊಸಳೆ ಅವಳ ಮುಖವನ್ನು ಕಣ್ತುಂಬ ನೋಡಿ, ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸಿತು.

ನೆತ್ತಿಯಲ್ಲಿ ಉರಿಗಣ್ಣ ನಗುತ್ತ ನಿಂತಿದ್ದ.

“ಅಗಿ, ಅಗಿ. ಈ ಬುಡವೂ ಹೋದರೆ ಬೆಟ್ಟವೆಲ್ಲ ನಂದೇ.”

ಗಿರಿಯವ್ವ ಅಗೆದಳು, ಬೇರು ಕಟ್ಟಿಕೊಂಡಳು, ಅದೇ ಬುಡದ ಸಸಿಯನ್ನು ಅದೇ ಗುಂಡಿಗೆ ಊರಿದಳು. ಹೊರಡಬೇಕೆನ್ನುವಾಗ ಪಕ್ಕದ ಬರಿದು ಗುಂಡಿ ಕಣ್ಣಿಗೆ ಬಿತ್ತು. ಯಾರೋ ಬಿಟ್ಟುಹೋದದ್ದು. ಅವಳಿಗೆ ತಡೆಯಲಾಗಲಿಲ್ಲ, ಮೂರನೆಯ ಸಸಿ ತೆಗೆದಳು.

ಉರಿಗಣ್ಣನ ನಗು ನಿಂತುಹೋಯಿತು. ಅವನು ಅಂಗೈ ಚಾಚಿ ಅದರಲ್ಲಿ ಚಂಪಕ್ಕನ ಮುಖ ತೋರಿಸಿದ. ತುಟಿ ಒಣಗಿತ್ತು. “ಅವ್ವಾ,” ಎನ್ನುತ್ತಿತ್ತು.

“ಮಗಳ ಜೀವ ಗಂಟಲಿಗೆ ಬಂದದೆ. ಓಡು! ಯಾರದೋ ಗುಂಡಿ ನಿಂಗ್ಯಾಕೆ?”

ಗಿರಿಯವ್ವ ಮಗಳ ಮುಖದಿಂದ ಕಣ್ಣು ಕಿತ್ತು ಗುಂಡಿಯ ಅಂಚಿಗೆ ಕುಳಿತಳು.

“ಆತುರಗಾರನಿಗೆ ಬುದ್ಧಿ ಮಟ್ಟ ಕಣಯ್ಯ. ನನ್ ಮಗಳು ಬದುಕಿದ್ರೆ ಈ ಬೆಟ್ಟದಲ್ಲೇ ಬದುಕಬೇಕಲ್ಲ,” ಎಂದು ಅಳುತ್ತಲೇ ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿದಳು, ಸಸಿ ಊರಿದಳು, ಮಣ್ಣೆಳೆದು ಹಿಮ್ಮಡಿಯಿಂದ ಒತ್ತಿದಳು, ಬುರುಡೆಯ ಕೊನೆಯ ನೀರನ್ನು ಹೊಯ್ದಳು.

ಅದು ಉರಿಗಣ್ಣ ಹುಟ್ಟಿದ ಗುಂಡಿ. ಅದು ಮುಚ್ಚಿದ್ದೇ ತಡ, ಅವನು ಹೊಗೆಯಾದ; ಹೊಗೆಯೂ ಗಾಳಿಗೆ ಹೋಯಿತು.

ಹೊಸ ಉರಿ ಹುಟ್ಟುವುದು ನಿಂತಿತು. ಚಂಪಕ್ಕನ ಮೈಯಲ್ಲಿ ಉಳಿದ ಉರಿಗೆ ಚಾಪೆ ಬೇಕಿತ್ತು. ಮೊಸಳೆ ದಾಟಿಸಿತು, ಕೋಣ ಹೊತ್ತು ಓಡಿತು. ಗಿರಿಯವ್ವ ಬೊಬ್ಬೆಯ ಬೆರಳಲ್ಲೇ ಚಾಪೆ ಹೆಣೆದು, ನೀರು ಚಿಮುಕಿಸಿ, ಮಗಳನ್ನು ಮಲಗಿಸಿದಳು. ಮನೆಯೆಲ್ಲ ಮೊದಲ ಮಳೆಯ ವಾಸನೆ ತುಂಬಿತು. ಚಂಪಕ್ಕ ಕಣ್ಣು ಬಿಟ್ಟಳು.

ಸುದ್ದಿ ಕೇಳಿದ ರಾಜ ನಾಚಿ, ಬರಿಗಾಲಲ್ಲಿ ಬೆಟ್ಟ ಹತ್ತಿ, ಗಿರಿಯವ್ವ ಬೈದಹಾಗೆಲ್ಲ ಬೈಸಿಕೊಳ್ಳುತ್ತ ಒಂದೊಂದೇ ಗುಂಡಿಗೆ ಸಸಿ ಊರಿದ. ಬೆಟ್ಟ ಹಸಿರಾಯಿತು, ಹಳ್ಳ ತಿಳಿಯಾಯಿತು, ಜನರೆಲ್ಲ ತಣ್ಣಗೆ ಬಾಳಿದರು.

ಗಿರಿಯವ್ವ ಮಾತ್ರ ಅದನ್ನೆಲ್ಲ ನೋಡುವ ಮೊದಲೇ ಬಾಚಣಿಗೆ ಹಿಡಿದು ಮಗಳ ಬೆನ್ನ ಹಿಂದೆ ಕುಳಿತಿದ್ದಳು. ಸಿಕ್ಕು ಬಿಡಿಸುವಾಗ ಚಂಪಕ್ಕ, “ಅಯ್ಯೋ, ಮೆಲ್ಲಗೆ ಬಾಚವ್ವ, ನೋಯ್ತದೆ!” ಎಂದು ಸಿಡುಕಿದಳು. ಅಷ್ಟು ಸಿಹಿಯಾದ ಸಿಡುಕನ್ನು ಗಿರಿಯವ್ವ ಹುಟ್ಟಿದಾಗಿಂದ ಕೇಳಿರಲಿಲ್ಲ.