ಹಸಿರು ಪಟ್ಟೆಯ ಅಂಚಿನಲ್ಲಿ

ಜೀಪು ನಿಲ್ಲುವ ಮೊದಲೇ ಕೂಗು ಕೇಳಿಸುತ್ತಿತ್ತು.

"ಒಳಗೆ ಹಾಕಿ ಅವನನ್ನ!"

ಬೆಳಿಗ್ಗೆ ಎಂಟೂ ಮುಕ್ಕಾಲು. ಮಳೆ ನಿಂತು ಅರ್ಧ ಗಂಟೆಯಾಗಿದ್ದರೂ ರಸ್ತೆ ಇನ್ನೂ ತೊಯ್ದು ಹೊಳೆಯುತ್ತಿತ್ತು. ನಡುವೆ ಒಂದು ಬಸ್ಸು. ಅದರ ಮುಂದಿನ ಚಕ್ರಕ್ಕೆ ಒಂದೇ ಮೊಳ ದೂರದಲ್ಲಿ ಅಡ್ಡಬಿದ್ದ ಅಂಚೆ ಸೈಕಲ್ಲು. ಸವಾರಳನ್ನು ಆಗಲೇ ಆಂಬುಲೆನ್ಸ್ ಒಯ್ದಿತ್ತು — ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ. ಆ ರಸ್ತೆಯ ಮನೆಮನೆಗೂ ಕಾಗದ ಹಂಚುತ್ತಿದ್ದ ಹೆಂಗಸು. ಎಲ್ಲರ ಬಾಯಲ್ಲೂ ಅಂಚೆಯಮ್ಮ.

ಜೀಪು ಓಡಿಸುವವನನ್ನು ಸ್ಟೇಷನ್ನಿನಲ್ಲಿ ಸಾರಥಿ ಎಂದೇ ಕರೆಯುತ್ತಿದ್ದರು. ಪೊಲೀಸ್ ಕೆಲಸಕ್ಕೆ ಸೇರುವ ಮುಂಚೆ ಹನ್ನೊಂದು ವರ್ಷ ಬಸ್ಸು ಓಡಿಸಿದವನು. ಆರು ತಿಂಗಳ ಹಿಂದೆ ಈ ರಸ್ತೆಯ ಎಡಬದಿಗೆ ಹಸಿರು ಬಣ್ಣ ಬಳಿದು, ಇದು ಸೈಕಲ್ಲುಗಳಿಗೆ ಮಾತ್ರ ಎಂದು ಬರೆದಾಗಿನಿಂದ ಇಲ್ಲಿ ದಿನಕ್ಕೊಂದು ಜಗಳ. ರಸ್ತೆ ಕಿರಿದಾಯಿತೆಂದು ಬಸ್ಸಿನವರು ಹಾರ್ನ್ ಒತ್ತುವುದು, ಹತ್ತಿರ ಬಂದರೆಂದು ಸೈಕಲಿನವರು ಬಸ್ಸಿಗೆ ಗುದ್ದುವುದು. ಯಾರ ಪರ ಎಂದು ಕೇಳಿದರೆ ಸಾರಥಿ ಬಾಯಿ ಬಿಡುತ್ತಿರಲಿಲ್ಲ. ಮನಸ್ಸು ಮಾತ್ರ ಸ್ಟೀರಿಂಗಿನ ಕಡೆಗೇ ವಾಲುತ್ತಿತ್ತು.

ಜನರನ್ನು ತಪ್ಪಿಸಿ ಅವನು ಜೀಪನ್ನು ಹಸಿರು ಪಟ್ಟೆಯ ಮೇಲೆ ನಿಲ್ಲಿಸಿದ.

"ಹಿಂದಕ್ಕೆ ತಗೊಳ್ಳಿ," ಎಂದರು ಇನ್‌ಸ್ಪೆಕ್ಟರಮ್ಮ, ಇಳಿದವರೇ ನೆಲ ನೋಡುತ್ತ. "ಪೂರ್ತಿ ಹಿಂದಕ್ಕೆ."

ಸೈಕಲಿನವರ ಕೋಪಕ್ಕೆ ಹೆದರಿದರೇನೋ ಅಂದುಕೊಂಡ. ಜೀಪು ಸರಿದ ಜಾಗದಲ್ಲಿ ನೆಲ ಸ್ವಲ್ಪ ಒಣಗಿತ್ತು. ಸದ್ಯ, ಬಿಸಿಲು ಬರಬಹುದು ಎಂದಷ್ಟೇ ಅವನಿಗೆ ಹೊಳೆಯಿತು.

ಬಸ್ ಚಾಲಕ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿಯ ಕಾಲರ್ ಹರಿದಿತ್ತು. ಸುತ್ತ ಹತ್ತು ಹನ್ನೆರಡು ಸೈಕಲ್ ಸವಾರರು, ಎಲ್ಲರ ಬೆನ್ನಿಗೂ ಕೆಸರು ಸಿಡಿದಿತ್ತು. ಅವರ ಮುಂದೆ ಬಿಳಿ ಅಂಗಿಯ ಒಬ್ಬರು ನಿಂತಿದ್ದರು. ಸೈಕಲ್ ಸವಾರರ ಸಂಘದ ಕಾರ್ಯದರ್ಶಿ. ಹಸಿರು ಪಟ್ಟೆಗಾಗಿ ಮೂರು ವರ್ಷ ಕಚೇರಿ ಕಚೇರಿ ಅಲೆದವರು.

"ಗುದ್ದಿದ್ಯಾ?" ಇನ್‌ಸ್ಪೆಕ್ಟರಮ್ಮ ಚಾಲಕನನ್ನು ಕೇಳಿದರು.

"ಇಲ್ಲ ಮೇಡಂ. ಅವಳೇ ಇದ್ದಕ್ಕಿದ್ದ ಹಾಗೆ ಬಲಕ್ಕೆ ಬಿದ್ಲು. ನಾನು ಬ್ರೇಕ್ ಒತ್ತಿದೆ."

"ಯಾಕೆ ಬಿದ್ಲು?"

"ಒಂದು ಲಾರಿ ನನ್ನ ಬಸ್ಸನ್ನ ದಾಟಿ ಮುಂದೆ ಹೋಗ್ತಿತ್ತು, ಬಲಗಡೆ ಕನ್ನಡಿ ನೋಡ್ತಿದ್ದೆ. ತಿರುಗಿ ನೋಡೋವಷ್ಟರಲ್ಲಿ ನನ್ನ ಮುಂದೆ ಇದ್ಲು."

"ಹೋದ ವಾರ ಇಬ್ಬರಿಗೂ ಜಗಳ ಆಗಿತ್ತಂತೆ?"

ಚಾಲಕ ತಲೆ ತಗ್ಗಿಸಿದ. "ಆಗಿತ್ತು. ಅವಳು ಬಸ್ಸಿಗೆ ಗುದ್ದಿದ್ಲು. ಒಂದು ದಿನ ಚಕ್ರದಡಿ ಸಿಗ್ತೀಯಾ ಅಂದಿದ್ದೆ."

ಜನ ಹೋ ಎಂದರು. ಸಾರಥಿ ಕಣ್ಣು ಮುಚ್ಚಿಕೊಂಡ. ಆ ಮಾತನ್ನು ಅವನೂ ಎಷ್ಟು ಜನರಿಗೆ ಅಂದಿದ್ದನೋ.

"ಆಕೆ ಬಿದ್ದಾಗ ಮೊದಲು ಓಡಿ ಬಂದವರು ಯಾರು?" ಎಂದು ಅವರು ಬಸ್ಸಿನ ಕಂಡಕ್ಟರನತ್ತ ತಿರುಗಿದರು.

"ಈ ಬಿಳಿ ಅಂಗಿ ಸಾರೇ ಮೇಡಂ. ಬಸ್ಸು ಗುದ್ದಿತು ಅಂತ ಕೂಗ್ತಾ ಓಡಿ ಬಂದ್ರು. ಕಿಟಕಿಗೆಲ್ಲ ಮಂಜು ಹಿಡಿದಿತ್ತು, ನಮಗ್ಯಾರಿಗೂ ಏನೂ ಕಾಣ್ಲಿಲ್ಲ."

ಕಾರ್ಯದರ್ಶಿ ಮುಂದೆ ಬಂದರು. "ನಾನು ಕಣ್ಣಾರೆ ನೋಡಿದೀನಿ. ಆಕೆಯ ಹಿಂದೇನೇ ಬರ್ತಿದ್ದೆ."

"ಸೈಕಲ್ಲಲ್ಲಿ?"

"ಮತ್ತಿನ್ನೇನ್ರಲ್ಲಿ? ದಿನಾ ನಾಲ್ಕು ಮೈಲಿ. ಇವತ್ತು ಮಳೆ ನಿಂತ ಮೇಲೆ ಹೊರಟೆ." ಅಂಗಡಿಯೊಂದರ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ತೋರಿಸಿದರು. ತೆಳು ಚಕ್ರದ್ದು, ಮಡ್‌ಗಾರ್ಡ್ ಇಲ್ಲದ್ದು.

"ಪಟ್ಟೆ ಮೇಲೆ ಏನಾದ್ರೂ ಅಡ್ಡ ಇತ್ತಾ? ಕಾರು, ಗಾಡಿ?"

"ಒಂದೂ ಇರ್ಲಿಲ್ಲ. ಖಾಲಿ."

ಇನ್‌ಸ್ಪೆಕ್ಟರಮ್ಮ ಬಿದ್ದ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಹ್ಯಾಂಡಲ್ಲಿನ ಎರಡೂ ತುದಿ ಮುಟ್ಟಿ ನೋಡಿದರು. ಆಮೇಲೆ ಸಾರಥಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳಿದರು.

ಅವನು ಪಕ್ಕದ ಓಣಿಗೆ ಹೋದ. ನಿಂತಿದ್ದದ್ದು ಐದು ಕಾರು. ಒಂದೊಂದರ ಬಲಗಡೆಯ ಮುಂಬಾಗಿಲ ಅಂಚಿಗೂ ಬೆರಳಾಡಿಸಿದ. ಮೂರನೆಯದರಲ್ಲಿ ಬೆರಳು ತಡೆಯಿತು. ಬೂದು ಬಣ್ಣದ ಕಾರು. ಬಾಗಿಲ ಅಂಚು ಚಿಟಿಕೆಯಷ್ಟು ನೆಗ್ಗಿತ್ತು. ಅದಕ್ಕೆ ಕಪ್ಪು ರಬ್ಬರಿನ ಚೂರು ಅಂಟಿತ್ತು. ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಳ್ಳುವ ಕಬ್ಬಿಣದ ಚೌಕಟ್ಟು, ಖಾಲಿ.

ಅವನು ಬಂದು ಇನ್‌ಸ್ಪೆಕ್ಟರಮ್ಮನ ಕಿವಿಯಲ್ಲಿ ಹೇಳಿದ. ಅವರು ತಲೆಯಾಡಿಸಿ ಕಾರ್ಯದರ್ಶಿಯ ಕಡೆ ತಿರುಗಿದರು.

"ಸ್ವಾಮಿ, ಓಣಿಯಲ್ಲಿರೋ ಬೂದು ಕಾರು ನಿಮ್ಮದಾ?"

ಕಾರ್ಯದರ್ಶಿ ಓಣಿಯತ್ತ ನೋಡಿದರು.

"ನನಗೆ... ಕಾರ್ಯಾಕೆ?"

"ಹೇಳ್ತೀನಿ, ಕೇಳಿ. ಬಸ್ಸು ಆಕೆಯ ಬಲಕ್ಕೆ ಇತ್ತು. ಗುದ್ದಿದ್ರೆ ಹ್ಯಾಂಡಲ್ಲಿನ ಬಲಗಡೆ ಹಿಡಿಯ ರಬ್ಬರು ಹರೀಬೇಕು, ಆಕೆ ಎಡಕ್ಕೆ ಬೀಳಬೇಕು. ಇಲ್ಲಿ ಹರಿದಿರೋದು ಎಡಗಡೆ ಹಿಡಿ. ಅಂದ್ರೆ ಪೆಟ್ಟು ಬಿದ್ದದ್ದು ಎಡಗಡೆಯಿಂದ. ಎಡಕ್ಕೆ ಏನಿತ್ತು? ಏನೂ ಇರ್ಲಿಲ್ಲ ಅಂತೀರಿ ನೀವು."

ಅವರು ಹಸಿರು ಪಟ್ಟೆಯತ್ತ ಕೈ ಮಾಡಿದರು.

"ನೋಡಿ. ರಸ್ತೆಯೆಲ್ಲ ಒದ್ದೆ. ಅಲ್ಲೊಂದು ಕಡೆ ಮಾತ್ರ, ಒಂದು ಕಾರಿನ ಉದ್ದ, ಒಂದು ಕಾರಿನ ಅಗಲ, ನೆಲ ಒಣಗಿದೆ. ಮಳೆ ಶುರುವಾಗೋ ಮುಂಚೆಯಿಂದ ಮಳೆ ನಿಲ್ಲೋ ತನಕ ಅಲ್ಲೊಂದು ಕಾರು ನಿಂತಿತ್ತು."

"ಇರಬಹುದು. ಅದು ನಂದೇ ಅಂತ ಹೇಗೆ?"

"ನಿಮ್ಮ ಬೆನ್ನು ಹೇಳ್ತು," ಎಂದರು ಇನ್‌ಸ್ಪೆಕ್ಟರಮ್ಮ. "ಮಳೆ ನಿಂತ ಮೇಲೆ ನಾಲ್ಕು ಮೈಲಿ ತುಳಿದು ಬಂದೆ ಅಂದ್ರಿ. ಮಡ್‌ಗಾರ್ಡ್ ಇಲ್ಲದ ಸೈಕಲ್ಲು. ಇವರೆಲ್ಲರ ಬೆನ್ನ ಮೇಲೂ ಕೆಸರಿದೆ. ನಿಮ್ಮ ಅಂಗಿ ಈಗ ತಾನೆ ಇಸ್ತ್ರಿ ಮಾಡಿದ ಹಾಗಿದೆ."

ಸವಾರರು ಒಬ್ಬರ ಬೆನ್ನನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಆ ಬಿಳಿ ಅಂಗಿಯ ಮೇಲೆ ಬಿತ್ತು.

ಕಾರ್ಯದರ್ಶಿಯ ಕೈ ಮೊಣಕಾಲಿಗೆ ಹೋಯಿತು. "ಮೊಣಕಾಲು ಸವೆದು ಎರಡು ವರ್ಷ ಆಯ್ತು. ಸೈಕಲ್ ಬಿಟ್ಬಿಡಿ ಅಂದ್ರು ಡಾಕ್ಟ್ರು. ಬಿಟ್ರೆ ಇವರಿಗೆಲ್ಲ ಯಾವ ಮುಖ ತೋರಿಸ್ಲಿ? ದಿನಾ ಓಣಿಯಲ್ಲಿ ಕಾರು ನಿಲ್ಲಿಸಿ, ಕೊನೇ ಒಂದು ಫರ್ಲಾಂಗು ಮಾತ್ರ ತುಳೀತಿದ್ದೆ. ಇವತ್ತು ಓಣಿ ಬಾಯಲ್ಲಿ ಸಾಮಾನಿನ ಗಾಡಿ ನಿಂತಿತ್ತು. ಪಟ್ಟೆ ಮೇಲೇ ನಿಲ್ಲಿಸ್ದೆ. ಅಷ್ಟರಲ್ಲಿ ಮಳೆ. ನಿಲ್ಲೋ ತನಕ ಒಳಗೇ ಕೂತಿದ್ದೆ."

"ನಿಂತ ಮೇಲೆ?"

"ಬಾಗಿಲು ತೆಗೆದೆ." ಮುಖ ಮುಚ್ಚಿಕೊಂಡರು. "ಹಿಂದೆ ನೋಡ್ಲಿಲ್ಲ. ಮೂರು ವರ್ಷ ಊರಿಗೆಲ್ಲ ಹೇಳಿದ್ದು ಅದನ್ನೇ, ನೋಡಿ ಬಾಗಿಲು ತೆಗೀರಿ ಅಂತ."

"ಆಮೇಲೆ ಓಣಿ ಬಾಯಿ ತೆರವಾಯ್ತು, ಆಂಬುಲೆನ್ಸಿಗೆ ಜಾಗ ಬಿಡೋ ನೆಪದಲ್ಲಿ ಕಾರು ಅಲ್ಲಿಗೆ ಸರಿಸಿದ್ರಿ. ಸೈಕಲ್ ಇಳಿಸಿಕೊಂಡು ಬಂದ್ರಿ. ಎಲ್ಲರ ಕಣ್ಣೂ ಬಸ್ಸಿನ ಮೇಲಿತ್ತು." ಇನ್‌ಸ್ಪೆಕ್ಟರಮ್ಮನ ದನಿ ಏರಲಿಲ್ಲ. "ಬಾಗಿಲು ತೆಗೆದದ್ದು ಎಚ್ಚರಗೇಡಿತನ. ಆಮೇಲೆ ಬಾಯಿ ತೆಗೆದಿರಲ್ಲ, ಅದಕ್ಕೇನಂತ ಹೇಳ್ಲಿ? ಇವನ ಹೊಟ್ಟೆ ಮೇಲೆ ಹೊಡೆಯೋಕೆ ಹೊರಟಿದ್ರಿ. ನಡೀರಿ."

ಜನ ಒಬ್ಬೊಬ್ಬರಾಗಿ ಕರಗಿದರು. ಚಾಲಕನ ಕಾಲರ್ ಹಿಡಿದೆಳೆದು ಹರಿದವರು ಯಾರೋ, ಅವರೂ ಹೋದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು: ಅಂಚೆಯಮ್ಮ ಕಣ್ಣು ಬಿಟ್ಟಿದ್ದಾಳೆ, ಜೀವಕ್ಕೆ ಭಯವಿಲ್ಲ.

ಸಾರಥಿ ಬಸ್ಸಿನ ಹತ್ತಿರ ಹೋಗಿ ಸುದ್ದಿ ಹೇಳಿದ. "ಬಿಡಣ್ಣ, ಗೆದ್ದೆ. ನಿನ್ನ ಬ್ರೇಕೇ ಅವಳನ್ನ ಉಳಿಸಿದ್ದು."

ಬಸ್ ಚಾಲಕ ಮೆಟ್ಟಿಲಿನಿಂದ ಏಳಲಿಲ್ಲ.

"ಅವಳು ಬೀಳ್ತಿರೋದು ಕಂಡಾಗ ನನಗೇನನ್ನಿಸ್ತು ಗೊತ್ತಾ?" ಎಂದ, ತನ್ನ ಬಲಗಾಲನ್ನೇ ನೋಡುತ್ತ. "ಇವಳಿಗೆ ಆಗಬೇಕು, ಅನ್ನಿಸ್ತು. ಅರೆಗಳಿಗೆ. ಕಾಲು ತನ್ನಷ್ಟಕ್ಕೆ ತಾನೇ ಬ್ರೇಕ್ ಒತ್ತಿತ್ತು."

ಸಾರಥಿ ಅವನ ಪಕ್ಕ ಮೆಟ್ಟಿಲ ಮೇಲೆ ಕೂತ.

"ಮೇಡಂ ಎಲ್ಲಾ ಕೇಳಿದ್ರು," ಎಂದ ಚಾಲಕ. "ಅದೊಂದನ್ನ ಕೇಳ್ಲಿಲ್ಲ."