ಹಲಕರ್ಣಿ ಕಬ್ಬಿನಲ್ಲಿ ಹಡಗಿನ ರೇಡಾರ್

"ಕದಲಬ್ಯಾಡ! ನೀ ಸ್ಕ್ರೀನ್ ಮ್ಯಾಲ ಅದಿ!"

ಲೌಡ್‌ಸ್ಪೀಕರ್ ಗರ್ಜಿಸಿತು.

ಕಬ್ಬಿನ ನಡುವೆ ಮಂಡಿಯೂರಿ ಕೂತಿದ್ದೆ. ಬೆಳಿಗ್ಗೆ ಏಳು ಗಂಟೆ. ಎಂಥ ಮಂಜು ಅಂತೀರಿ... ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಆ ದನಿಯವನಿಗೆ ಮಾತ್ರ ನಾನು ಕಾಣುತ್ತಿದ್ದೆ!

ಎರಡು ಹೆಜ್ಜೆ ಸರಿದೆ.

"ಎಡಕ್ಕ ಸರದಿ! ಅಲ್ಲೇ ನಿಲ್ಲು!"

ನಿಂತೆ.

ನಾನು ಶುಭಾಂಗಿ. ಮೊದಲು ಪೊಲೀಸ್. ಈಗ ಇಚಲಕರಂಜಿಯಲ್ಲಿ ಕಳುವಾದ ಮಾಲು ಹುಡುಕಿಕೊಡುವ ದಂಧೆ. ಲಾರಿ ಹುಡುಕಿದ್ದೇನೆ. ಮಗ್ಗದ ಮೋಟರ್ ಹುಡುಕಿದ್ದೇನೆ. ಒಮ್ಮೆ ಒಬ್ಬರ ಮಾವನನ್ನೂ! ಆದರೆ ಹಡಗಿನ ರೇಡಾರ್?

ಕಳಕೊಂಡವನು ಯಡ್ರಾವದ ಗುಜರಿ ವ್ಯಾಪಾರಿ ಜಿನೇಶ. ಒಡೆದುಹಾಕಿದ ಗಸ್ತು ಹಡಗೊಂದರ ರೇಡಾರನ್ನು ಹರಾಜಿನಲ್ಲಿ ಹಿಡಿದಿದ್ದ. ಸೋಮವಾರ ಗೋಡೌನ್ ಖಾಲಿ! ಗಡಹಿಂಗ್ಲಜದ ಚಹಾದಂಗಡಿಯವ ನನಗೆ ಸುಳಿವು ಕೊಟ್ಟ.

"ಹೌದ್ರಿ, ಟ್ರಾಲಿಯೊಳಗ ಕಬ್ಬಿಣದ ದೊಡ್ಡ ರೆಕ್ಕಿ ಇತ್ರಿ. ಹಲಕರ್ಣಿ ಕಡೆ ಹೋತು."

ಮಂಜು ಸೀಳಿಕೊಂಡು ಕಬ್ಬು ಕಡಿಯುವ ಕೊಯ್ತಾ ಬಂತು. ಅದರ ಹಿಂದೆ ಅರವತ್ತರ ಹೆಂಗಸು.

"ನಾ ಅಕ್ಕವ್ವ. ನಡಿ ತಂಗಿ, ನಮ್ಮವರು ಕರಿಯಾಕತ್ತಾರ. ಚಹಾ ಕುಡಿತಿಯೇನ?"

ಕುತ್ತಿಗೆ ಹತ್ತಿರ ಕೊಯ್ತಾ ಹಿಡಿದು ಕೇಳಿದರೆ ಯಾರು ಬೇಡ ಅಂತಾರೆ?

ಹೊಲದ ನಡುವೆ ಟ್ರಾಲಿ. ಅದರ ಮೇಲೆ ಕಂಬ. ತುದಿಯಲ್ಲಿ ಗರಗರ ತಿರುಗುವ ಆಂಟೆನಾ! ಕೆಳಗೆ ತಾಡಪತ್ರಿಯ ಗುಡಾರದಲ್ಲಿ ಹಸಿರು ಸ್ಕ್ರೀನ್. ಸ್ಕ್ರೀನ್ ಮುಂದೆ ಬಿಳಿಮೀಸೆಯ ಸತ್ಯಪ್ಪ, ಅಕ್ಕವ್ವನ ಗಂಡ.

"ಇದು ಕಳ್ಳತನ ಆತಲ್ರಿ ಕಾಕಾ."

"ಹೌದು," ಎಂದ ತಣ್ಣಗೆ. "ಹದಿನೆಂಟು ವರ್ಷ ಹಡಗಿನ್ಯಾಗ ಇದರ ಮುಂದನ ಕುಂತೇನಿ. ಆ ಜಿನೇಶ ತಾಮ್ರದ ಸಲುವಾಗಿ ಕಡಸಾಂವ ಇದ್ದ. ನನ್ನ ಕಣ್ಣು ಕಿತ್ತಂಗ ಆತು."

"ಇಲ್ಲಿ ಯಾವ ಹಡಗ ಬರ್ತಾವ್ರಿ?"

"ಆನಿ ಬರ್ತಾವ."

ತಮಾಷೆಯಲ್ಲ. ಹೋದ ತಿಂಗಳು ಇಂಥದೇ ಮಂಜಿನಲ್ಲಿ ಪಕ್ಕದ ಹೊಲದ ಕಾಡಪ್ಪನನ್ನು ಆನೆ ಎತ್ತಿ ಒಗೆದಿತ್ತು. ಕಾಲು ಎರಡು ಕಡೆ ಮುರಿದಿತ್ತು.

"ಗಾಳಿಗೆ ಕಬ್ಬು ಅಳ್ಳಾಡಿದ್ರ ಸ್ಕ್ರೀನ್ಯಾಗ ಸಮುದ್ರದ ತೆರಿ ಕಂಡಂಗ ಕಾಣತೈತಿ. ತೆರಿ ಅಳಸೋ ಗುಂಡಿ ತಿರುವಿದ್ರ ಆನಿ ಅಷ್ಟ ಉಳಿತಾವ."

ಪೀಂ!

"ಏರ್ ಕಾಂಟ್ಯಾಕ್ಟ್! ಮ್ಯಾಲಿಂದ ಬರಾಕತ್ತಾವ!" ಸತ್ಯಪ್ಪ ಚೀರಿದ.

ನಾನು ನೆಲಕ್ಕೆ ಬಿದ್ದೆ.

"ಕೊಕ್ಕರಿ. ನಾಕು."

ಪೀಂ! ಪೀಂ!

ಈಗ ಅವನ ಮುಖ ಬದಲಾಯಿತು. ಸ್ಕ್ರೀನಿನ ಮೇಲೆ ಎರಡು ಚುಕ್ಕೆ. ಒಂದು ದೊಡ್ಡದು, ರಸ್ತೆಯ ಮೇಲೆ ನಿಂತಿತ್ತು. ಇನ್ನೊಂದು ಅದರತ್ತ ಓಡಿ ಬರುತ್ತಿತ್ತು.

"ನಿಂತಿದ್ದು ಆನಿ. ಬರಾಕತ್ತಿದ್ದು ಕಾರು."

ಕಾರು ಜಿನೇಶನದು. ಕಬ್ಬಿಗೆ ಇಳಿಯುವ ಮುಂಚೆ ಅವನಿಗೆ ಲೊಕೇಶನ್ ಕಳಿಸಿದವಳು ನಾನೇ! ಫೋನ್ ಹಚ್ಚಿದೆ.

"ಜಿನೇಶಭಾಯ್, ಕಾರ್ ನಿಲ್ಲಸ್ರಿ! ಮುಂದ ಆನಿ ಐತಿ!"

"ಈ ಮಂಜಿನ್ಯಾಗ ನಿಮಗ ಹೆಂಗ ಕಾಣಸ್ತು?"

"ನಿಮ್ಮ ರೇಡಾರ್‌ನ್ಯಾಗ!"

"ಅರೇ ವಾ! ಚಾಲೂ ಐತಿ?"

ಸತ್ಯಪ್ಪ ಫೋನ್ ಕಸಿದುಕೊಂಡ.

"ಇಂಜಿನ್ ಹಿಂದಕ್ಕ! ಫುಲ್ ಸ್ಪೀಡ್ ಹಿಂದಕ್ಕ!"

"ಯಾರಲೇ ನೀ?"

"ನೂರು ಮೀಟರ್! ಐವತ್ತು!"

ದೂರದಲ್ಲಿ ಬ್ರೇಕ್ ಕಿರುಚಿತು. ಆಮೇಲೆ ತಗಡು ಮುರಿಯುವ ಸದ್ದು... ಎರಡು ಚುಕ್ಕೆ ಒಂದಾದವು.

ಅಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ದೊಡ್ಡ ಚುಕ್ಕೆಯಿಂದ ಒಂದು ಪುಟ್ಟ ಚುಕ್ಕೆ ಕಳಚಿಕೊಂಡು ಓಡತೊಡಗಿತು.

"ಸಣ್ಣದು. ಭಾಳ ಫಾಸ್ಟ್," ಎಂದ ಸತ್ಯಪ್ಪ. "ಬದುಕ್ಯಾನ!"

ಅಕ್ಕವ್ವ ಮೈಕ್ ಹಿಡಿದಳು. "ಎಡಕ್ಕ ಬಾರೋ ಯಪ್ಪಾ! ಇನ್ನೂ ಎಡಕ್ಕ! ಬಾವಿ ಐತಿ, ನೋಡಿ ಬಾ!"

ಜಿನೇಶ ಗುಡಾರದೊಳಗೆ ಬಂದು ಬಿದ್ದ. ಒಂದೇ ಕಾಲಲ್ಲಿ ಬೂಟು. ಮೂರು ಕಪ್ ಚಹಾ ಕುಡಿದ. ನಾಲ್ಕನೆಯದಕ್ಕೆ ಧೈರ್ಯ ಬಂತು.

"ನನ್ನ ರೇಡಾರ್ ಇಳಸ್ರಿ! ಇಲ್ಲಂದ್ರ ಪೊಲೀಸರನ್ನ ಕರಿತೇನಿ!"

ಅಕ್ಕವ್ವ ಕೊಯ್ತಾ ಎತ್ತಿದಳು. ನಾನು ನಡುವೆ ಹೋದೆ.

"ಭಾಯ್, ಕಾರಿಗೆ ಇನ್ಶೂರೆನ್ಸ್ ಐತೇನ್ರಿ?"

"ಐತಿ."

"ಆನಿ ತುಳೀತು ಅಂದ್ರ ನಂಬತಾರ? ಸಾಕ್ಷಿ ಯಾರು?"

ಜಿನೇಶ ಸ್ಕ್ರೀನ್ ನೋಡಿದ.

"ಎಲ್ಲಾ ರೆಕಾರ್ಡ್ ಆಗೇತಿ," ಎಂದ ಸತ್ಯಪ್ಪ.

"ಕಳುವಿನ ಮಾಲಿನ ರೆಕಾರ್ಡ್ ಯಾರೂ ತಗೊಳ್ಳಂಗಿಲ್ಲ," ಎಂದೆ. "ದಾನ ಕೊಟ್ಟ ಮಾಲು ಅಂದ್ರ ಬ್ಯಾರೆ ಮಾತು."

ಅತ್ತ ರಸ್ತೆಯಿಂದ ಆನೆ ಕಾರಿನ ಇನ್ನೊಂದು ಬಾಗಿಲು ಕಿತ್ತ ಸದ್ದು ಬಂತು. ಜಿನೇಶ ಪೆನ್ ಕೇಳಿದ.

ದಾನಪತ್ರಕ್ಕೆ ಸಹಿ ಬಿತ್ತು. ಸತ್ಯಪ್ಪ ಅದನ್ನು ನಾಲ್ಕಾಗಿ ಮಡಚಿ ಒಳಕಿಸೆಗೆ ಸೇರಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಮಂಜು ಎಂದ.

ಇನ್ಶೂರೆನ್ಸ್ ಆಫೀಸಿಗೆ ನಾನೇ ಫೋನ್ ಮಾಡಿದೆ. ಆನೆ ಎಂದೆ. ಕಬ್ಬು ಎಂದೆ. ನೋಡಿದ್ದು ಹಡಗಿನ ರೇಡಾರ್ ಎಂದೆ.

"ಮ್ಯಾಡಮ್," ಎಂದಳು ಆ ಕಡೆಯ ಹುಡುಗಿ ಮರಾಠಿಯಲ್ಲಿ, "ತುಮ್ಹಿ ಸಮುದ್ರಾತ್ ಆಹಾತ್ ಕಾ?" ನಾನು ಸಮುದ್ರದಲ್ಲಿದ್ದೇನಾ ಅಂತ!

ಈ ದಂಧೆಯಲ್ಲಿ ನೂರಾರು ಸುಳ್ಳು ಹೇಳಿದ್ದೇನೆ, ಎಲ್ಲವನ್ನೂ ನಂಬಿದ್ದಾರೆ. ಅವತ್ತೊಂದೇ ದಿನ ಪೂರ್ತಿ ನಿಜ ಹೇಳಿದೆ... ಅವಳು ಫೋನ್ ಕಟ್ ಮಾಡಿದಳು!