ಕುಲೆಯ ವಯಸ್ಸು

“ನನಗೆ ಹೆಣ್ಣು ತೋರಿಸಿ!”

ಸರಸಮ್ಮನ ಬಾಯಿಂದ ಬಂದದ್ದು ಸಣ್ಣ ಹುಡುಗನ ಸ್ವರ. ಸಾತ್ವಿಕಾಳ ಕೈಯಲ್ಲಿದ್ದ ಚಹಾದ ಲೋಟ ಜಾರಿತು. ಎದುರಿಗಿದ್ದ ಶಿಶಿರ್ ತಟ್ಟನೆ ಹಿಡಿದ. ಅವನ ಬೆರಳೂ ತಣ್ಣಗಿತ್ತು…

ಆಟಿ ತಿಂಗಳು, ತುಳುನಾಡಿನಲ್ಲಿ ಸತ್ತವರನ್ನು ನೆನೆಯುವ ಕಾಲ. ಮೂಡುಬಿದಿರೆಯಿಂದ ಶಿಶಿರ್ ತನ್ನ ದೊಡ್ಡಮ್ಮ ಸರಸಮ್ಮನನ್ನು ಪುಂಜಾಲಕಟ್ಟೆಯ ಈ ಮನೆಗೆ ಕರೆತಂದದ್ದು ಸತ್ತವರ ಮದುವೆ ಮಾತಿಗೆ. ಎಳವೆಯಲ್ಲೇ ಹೋದ ಅವರ ಮಗ ಉಜ್ವಲ್ ವರ. ತೊಟ್ಟಿಲಲ್ಲೇ ಹೋದ ಸಾತ್ವಿಕಾಳ ಅಕ್ಕ ತೃಪ್ತಿ ವಧು. ಅಕ್ಕನ ಪ್ರೇತಕ್ಕೆ, ಊರವರ ಮಾತಿನಲ್ಲಿ ಕುಲೆಗೆ, ಮದುವೆಯಾಗದೆ ತಂಗಿಗೆ ಬಂದ ಯಾವ ಸಂಬಂಧವೂ ನಿಲ್ಲುತ್ತಿರಲಿಲ್ಲ.

ಅವಳ ತಂದೆ ನಿತ್ಯಾನಂದ, ಸರಸಮ್ಮನ ಮೈಮೇಲೆ ಬಂದಿದ್ದ ಉಜ್ವಲನಿಗೆ ಕೈಮುಗಿದರು. “ನಮ್ಮ ತೃಪ್ತಿಗೆ ಈಗ ಇಪ್ಪತ್ತೆಂಟು. ವರ ಅವಳಿಗಿಂತ ದೊಡ್ಡವನಾಗಬೇಕು. ನಿನಗೆಷ್ಟು, ಮಗಾ?”

ಸತ್ತವರಿಗೂ ವಯಸ್ಸು ಏರುತ್ತದೆ. ಆದರೆ ಉಜ್ವಲ್ ಹುಟ್ಟಿದ ವರ್ಷ ಯಾರಿಗೂ ನೆನಪಿರಲಿಲ್ಲ.

“ಐದು ವರ್ಷ ಅಮ್ಮನ ಮಡಿಲು. ಸತ್ತ ಮೇಲೆ ನನ್ನ ವಯಸ್ಸಿನ ಮೂರನೇ ಒಂದು ಪಾಲು ಹಳೇ ಮನೆಯಲ್ಲಿ ನನ್ನ ಹೆಸರಲ್ಲಿ ಎಲೆ ಬಡಿಸಿದಿರಿ. ಅರ್ಧ ಪಾಲು ಹೊಸ ಮನೆಯಲ್ಲಿ. ಲೆಕ್ಕ ಮಾಡಿ!”

ಶಿಶಿರ್ ವಯಸ್ಸನ್ನು x ಎಂದಿಟ್ಟು ಕಾಗದದಲ್ಲಿ ಬರೆದ.

x/2 + x/3 + 5 = x

ಭಿನ್ನರಾಶಿ ಕಳೆಯಲು ಆರರಿಂದ ಗುಣಿಸಿದ.

3x + 2x + 5 = 6x

“ಐದು…” ಅಂದ.

“ಸತ್ತ ವಯಸ್ಸೇ ಬಂತಲ್ಲ, ಮಾರಾಯ! ಹಾಗಾದರೆ ಈ ಸಂಬಂಧ ಕೂಡುವುದಿಲ್ಲ,” ಅಂದರು ನಿತ್ಯಾನಂದ.

ಸರಸಮ್ಮನ ಬಾಯಲ್ಲಿ ಆ ಮಗು ಬಿಕ್ಕಿತು. “ನಾನು ದೊಡ್ಡವನಾಗಲೇ ಇಲ್ವಾ?”

‘ಇವನಿಗೆ ಈ ಸಂಬಂಧ ಬೇಡದಿದ್ದರೆ ಬಾಯಲ್ಲಿ ಹೇಳಬಾರದಾ?’ ಸಾತ್ವಿಕಾಳ ಎದೆ ಉರಿಯಿತು.

“ನಾನು ಹೈಸ್ಕೂಲಲ್ಲಿ ಗಣಿತ ಕಲಿಸುವವಳು. ಬೇಕೆಂದೇ ತಪ್ಪು ಮಾಡಿದಿರಾ?”

“ಅಯ್ಯೋ, ಇಲ್ಲ! ಆ ಐದನ್ನು ಮುಟ್ಟಲು ಕೈ ಬರಲಿಲ್ಲ. ನನಗೆ ಅಣ್ಣ ಅಂದರೆ ಫೋಟೋದಲ್ಲಿರುವ ಮಗುವೇ…”

ಅವನ ಕಣ್ಣು ತುಂಬಿತ್ತು. ಅವಳು ಮೆಲ್ಲನೆ ಪೆನ್ನು ತೆಗೆದುಕೊಂಡಳು.

“ಆರರಿಂದ ಗುಣಿಸುವುದಾದರೆ ಎಲ್ಲವನ್ನೂ ಗುಣಿಸಬೇಕು. ಐದನ್ನೂ.”

5x + 30 = 6x

“ಮೂವತ್ತು!”

ಬಿಕ್ಕುವುದು ನಿಂತಿತು.

“ಹ್ಞಾಂ… ಈಗ ಸರಿ.”

ಸರಸಮ್ಮನ ಬಾಯಿಂದ ಈಗ ಬಂದದ್ದು ಗಂಡಸಿನ ಸ್ವರ. ಥೇಟ್ ಶಿಶಿರನದೇ ಗಂಟಲು! ಆದರೆ ಶಿಶಿರ್ ತುಟಿ ಬಿಚ್ಚಿರಲಿಲ್ಲ.

ಮಾತು ಮುಗಿದ ಮೇಲೆ ಸಾತ್ವಿಕಾ, ಶಿಶಿರ್ ಇಬ್ಬರೂ ಜಗಲಿಗೆ ಬಂದರು.

“ತುಂಬ ಹೆದರಿದಿರಾ?” ಅವನು ಕೇಳಿದ.

“ಸ್ವರಕ್ಕಲ್ಲ. ನೀವು ಐದು ಅಂದಾಗ ಹೆದರಿದೆ. ಇನ್ನು ನೀವು ಈ ಮನೆಗೆ ಬರುವುದಿಲ್ಲವೇನೋ ಅಂತ…”

ಅವನು ಅವಳತ್ತ ತಿರುಗಿದ.

“ಮೊದಲು ಅವರದ್ದು ಆಗಲಿ. ಆಮೇಲೆ ನಿಮ್ಮನ್ನು ನನಗೆ ಕೊಡಿ ಅಂತ ಕೇಳ್ತೇನೆ. ಕೇಳಬಹುದಾ?”

ತೃಪ್ತಿಯ ತೊಟ್ಟಿಲಿದ್ದ ಕತ್ತಲೆ ಕೋಣೆಯಿಂದ ಹರೆಯದ ಹೆಣ್ಣಿನ ನಗು ಕೇಳಿತು.

“ಒಳಗೆ… ಯಾರುಂಟು?”

“ಅಕ್ಕ.” ಸಾತ್ವಿಕಾ ಅವನ ಕೈ ಹಿಡಿದಳು. “ಕೇಳಿ, ಅಂತಿದ್ದಾಳೆ.”